ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿರುವುದೇಕೆ: ನ್ಯಾನ್ಸಿ ಆಂಡ್ರೂಸ್ ಅವರ ಸಂಶೋಧನೆಯ ಬಗ್ಗೆ

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಅಮೆರಿಕದ ವೈದ್ಯ ವಿಜ್ಞಾನಿ ನ್ಯಾನ್ಸಿ ಆಂಡ್ರೂಸ್ ಅವರು ಕಬ್ಬಿಣಾಂಶ ಮತ್ತು ರಕ್ತದ ಕಾಯಿಲೆಗಳ ಬಗ್ಗೆ ಮಾಡಿದ ಕೆಲಸ ಯಾವುದು ಎಂಬುದು ಮೊದಲನೆಯದು. ಚಿಟ್ಟಿಲಿಗಳ ಮೇಲೆ ನಡೆದ ಅಂಥ ಸಂಶೋಧನೆಯಿಂದ, ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದ ನಿಮ್ಮ ತಂಗಿಯಂಥವರಿಗೆ ಏನು ಪ್ರಯೋಜನ ಎಂಬುದು ಎರಡನೆಯದು. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನಶಾಸ್ತ್ರ ಕಲಿಸುವವನು, ರೋಗಿಗಳನ್ನು ನೋಡುವವನಲ್ಲ. ಆದರೆ ಕಬ್ಬಿಣದ ಪಾಠ ಮಾಡುವಾಗಲೆಲ್ಲ ಆಂಡ್ರೂಸ್ ಅವರ ಹೆಸರು ನನ್ನ ಬಾಯಲ್ಲಿ ಬಂದೇ ಬರುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಮೊದಲನೆಯದರ ಒಳಗೇ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ದೇಹದ ಲೆಕ್ಕಾಚಾರವನ್ನು ನೋಡೋಣ. ವಯಸ್ಕರ ದೇಹದಲ್ಲಿ ಇರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ ಮಾತ್ರ, ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿಯೇ ಇರುತ್ತದೆ. ಅಸ್ಥಿಮಜ್ಜೆಗೆ ಹೊಸ ಕೆಂಪು ರಕ್ತಕಣಗಳನ್ನು ತಯಾರಿಸಲು ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಆದರೆ ನಾವು ಊಟದಿಂದ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ ಅಷ್ಟೆ. ಉಳಿದದ್ದೆಲ್ಲ ಹಳೆಯ ರಕ್ತಕಣಗಳಿಂದ ಬರುತ್ತದೆ. ಸುಮಾರು 120 ದಿನ ಬಾಳಿದ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನಲ್ಲಿರುವ ಮ್ಯಾಕ್ರೋಫೇಜ್ ಜೀವಕೋಶಗಳು ನುಂಗಿ, ಅವುಗಳೊಳಗಿನ ಕಬ್ಬಿಣವನ್ನು ಬಿಡಿಸಿ ಮತ್ತೆ ರಕ್ತಕ್ಕೆ ಬಿಡುತ್ತವೆ. ಇನ್ನೊಂದು ವಿಶೇಷವೆಂದರೆ, ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ಯಾವ ನಿಯಂತ್ರಿತ ಮಾರ್ಗವೂ ಇಲ್ಲ. ಇಂಗ್ಲೆಂಡಿನ ವಿಜ್ಞಾನಿಗಳಾದ ಮೆಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್ 1937ರಲ್ಲೇ ಇದನ್ನು ಪ್ರತಿಪಾದಿಸಿದ್ದರು. ಹೊರಹಾಕಲು ಆಗದು ಎಂದಮೇಲೆ ನಿಯಂತ್ರಣವೆಲ್ಲ ಒಳಗೆ ಬಿಟ್ಟುಕೊಳ್ಳುವ ಹಂತದಲ್ಲಿಯೇ ನಡೆಯಬೇಕು. ಆ ನಿಯಂತ್ರಣ ಯಾರ ಕೈಯಲ್ಲಿದೆ, ಕರುಳಿನ ಗೋಡೆಯನ್ನು ಕಬ್ಬಿಣ ಹೇಗೆ ದಾಟುತ್ತದೆ ಎಂಬ ಪ್ರಶ್ನೆಗಳಿಗೆ ಆಮೇಲೆ ಸುಮಾರು ಅರುವತ್ತು ವರ್ಷ ಉತ್ತರ ಸಿಗಲಿಲ್ಲ. 1990ರ ದಶಕದ ಆರಂಭದವರೆಗಿನ ಪಠ್ಯಪುಸ್ತಕಗಳಲ್ಲಿ ರಕ್ತದಲ್ಲಿ ಕಬ್ಬಿಣವನ್ನು ಹೊರುವ ಟ್ರಾನ್ಸ್‌ಫೆರಿನ್, ಅದನ್ನು ಜೀವಕೋಶದ ಮೇಲೆ ಹಿಡಿದುಕೊಳ್ಳುವ ಗ್ರಾಹಕ, ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಎಂಬ ಪ್ರೋಟೀನ್‌ಗಳ ವಿವರ ಚೆನ್ನಾಗಿಯೇ ಇರುತ್ತಿತ್ತು. ಕರುಳಿನ ಭಾಗ ಬಂದಾಗ ಮಾತ್ರ ಊಹೆಗಳ ಬಾಣದ ಗುರುತುಗಳಿರುತ್ತಿದ್ದವು.

ಆಂಡ್ರೂಸ್ ಈ ಕ್ಷೇತ್ರಕ್ಕೆ ಬಂದದ್ದು ಆ ಕಾಲದಲ್ಲಿ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ 1958ರಲ್ಲಿ ಹುಟ್ಟಿದ ಅವರು ಯೇಲ್‌ನಲ್ಲಿ ಓದಿ, ಎಂಐಟಿಯಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡಿ, ಹಾರ್ವರ್ಡ್‌ನಲ್ಲಿ ವೈದ್ಯಕೀಯ ಪದವಿ ಪಡೆದರು; ಆಮೇಲೆ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ರಕ್ತರೋಗ ತಜ್ಞೆಯಾದರು. ಸಂಶೋಧನೆ ಮತ್ತು ಚಿಕಿತ್ಸೆ ಎರಡರಲ್ಲೂ ಪಳಗಿದ ಇಂಥವರು ಸಂಖ್ಯೆಯಲ್ಲಿ ಕಡಿಮೆ, ಆದರೆ ಕಬ್ಬಿಣದ ವಿಷಯದಲ್ಲಿ ಆ ಎರಡು ಕಣ್ಣುಗಳೂ ಬೇಕಾಗಿದ್ದವು ಎಂದು ನನಗೆ ಅನ್ನಿಸುತ್ತದೆ.

ಅವರು ಆರಿಸಿಕೊಂಡ ದಾರಿ ಇದು: ಹುಟ್ಟಿನಿಂದಲೇ ರಕ್ತಹೀನತೆ ಇರುವ, ದಶಕಗಳಿಂದ ಪ್ರಯೋಗಾಲಯಗಳಲ್ಲಿ ಸಾಕಿಕೊಂಡು ಬಂದ ಚಿಟ್ಟಿಲಿ ತಳಿಗಳನ್ನು ತೆಗೆದುಕೊಂಡು, ಅವುಗಳಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಪತ್ತೆ ಮಾಡುವುದು. ಅವುಗಳಲ್ಲಿ ಎಂಕೆ ಎಂಬ ತಳಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಚಿಟ್ಟಿಲಿಗಳ ಕೆಂಪು ಕಣಗಳು ಕಬ್ಬಿಣದ ಕೊರತೆ ಇರುವ ಮನುಷ್ಯರ ಕಣಗಳಂತೆಯೇ ಚಿಕ್ಕವು, ಬಿಳಿಚಿಕೊಂಡವು. ಎಷ್ಟು ಕಬ್ಬಿಣ ತಿನ್ನಿಸಿದರೂ ಕರುಳು ಹೀರಿಕೊಳ್ಳುವುದಿಲ್ಲ ಎಂಬುದು 1970ರ ದಶಕದ ಪ್ರಯೋಗಗಳಿಂದಲೇ ಗೊತ್ತಿತ್ತು. ಕರುಳಿನ ದೋಷ ಮಾತ್ರವಾಗಿದ್ದರೆ ಕಬ್ಬಿಣವನ್ನು ಸೂಜಿಯ ಮೂಲಕ ಕೊಟ್ಟಾಗ ಕಾಯಿಲೆ ಪೂರ್ತಿ ವಾಸಿಯಾಗಬೇಕಿತ್ತು. ಆದರೆ ಹಾಗೆ ಆಗುತ್ತಿರಲಿಲ್ಲ. ಅಂದರೆ ರಕ್ತಕ್ಕೆ ಬಂದ ಕಬ್ಬಿಣವನ್ನು ಬಳಸಿಕೊಳ್ಳುವುದರಲ್ಲಿಯೂ ಬೆಳೆಯುತ್ತಿರುವ ರಕ್ತಕಣಗಳು ಸೋಲುತ್ತಿದ್ದವು. ಒಂದೇ ಜೀನ್‌ನ ದೋಷ ಕರುಳಿನಲ್ಲೂ ಅಸ್ಥಿಮಜ್ಜೆಯಲ್ಲೂ ಕಾಣಿಸಿಕೊಳ್ಳುತ್ತಿದೆ ಎಂದರೆ ಆ ಜೀನ್ ಎರಡೂ ಕಡೆ ಒಂದೇ ಕೆಲಸ ಮಾಡುತ್ತಿರಬೇಕು, ಆ ಕೆಲಸ ಕಬ್ಬಿಣವನ್ನು ಪೊರೆಯ ಮೂಲಕ ದಾಟಿಸುವುದೇ ಆಗಿರಬೇಕು ಎಂಬುದು ಬಹಳ ಸೊಗಸಾದ ತರ್ಕ. ಜೀನ್ ಸಿಗುವ ಮೊದಲೇ ಅದರ ಕೆಲಸ ಏನಿರಬಹುದೆಂದು ಹೀಗೆ ಊಹಿಸಲು ಸಾಧ್ಯವಾಗಿತ್ತು.

1997ರಲ್ಲಿ ಆಂಡ್ರೂಸ್ ಅವರ ಪ್ರಯೋಗಾಲಯದಲ್ಲಿ ಮಾರ್ಕ್ ಫ್ಲೆಮಿಂಗ್ ಮತ್ತು ಸಂಗಡಿಗರು ಆ ಜೀನ್ ಅನ್ನು ಗುರುತಿಸಿದರು. ಅದು ಎನ್‌ರ್ಯಾಂಪ್-2. ಸಾಲ್ಮೊನೆಲ್ಲಾದಂಥ ಸೋಂಕುಗಳನ್ನು ತಡೆಯುವ ಶಕ್ತಿಗೆ ಸಂಬಂಧಿಸಿದ ಎನ್‌ರ್ಯಾಂಪ್-1 ಎಂಬ ಜೀನ್‌ನ ಹತ್ತಿರದ ಸಂಬಂಧಿ ಎಂದಷ್ಟೇ ಅದರ ಬಗ್ಗೆ ಅಲ್ಲಿಯವರೆಗೆ ಗೊತ್ತಿತ್ತು. ಎಂಕೆ ಚಿಟ್ಟಿಲಿಗಳಲ್ಲಿ ಈ ಜೀನ್ ತಯಾರಿಸುವ ಪ್ರೋಟೀನ್‌ನ 185ನೇ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಆರ್ಜಿನಿನ್ ಎಂಬ ಇನ್ನೊಂದು ಬಂದು ಕೂತಿತ್ತು. ಅದೇ ವರ್ಷ, ಅದೇ ಬಾಸ್ಟನ್ ನಗರದಲ್ಲಿ, ಮಥಿಯಾಸ್ ಹೆಡಿಗರ್ ಅವರ ತಂಡದ ಹಿರೋಮಿ ಗುನ್‌ಶಿನ್ ಸಂಪೂರ್ಣ ಬೇರೆಯ ದಾರಿಯಲ್ಲಿ ಅದೇ ಪ್ರೋಟೀನ್ ಅನ್ನು ತಲುಪಿದ್ದರು: ಅವರು ಇಲಿಯ ಕರುಳಿನ ಆರ್‌ಎನ್‌ಎಯನ್ನು ಕಪ್ಪೆಯ ಅಂಡಾಣುಗಳಿಗೆ ಸೇರಿಸಿ, ಯಾವುದು ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ಪರೀಕ್ಷಿಸುತ್ತ ಹೋಗಿದ್ದರು. ಒಬ್ಬರು ಕಾಯಿಲೆಯಿಂದ ಹೊರಟು, ಇನ್ನೊಬ್ಬರು ಕೆಲಸದಿಂದ ಹೊರಟು ಒಂದೇ ಅಣುವಿನಲ್ಲಿ ಸೇರಿದ್ದರಿಂದ ಸಂದೇಹಕ್ಕೆ ಎಡೆಯಿಲ್ಲದಂತಾಯಿತು. ಈ ಪ್ರೋಟೀನ್‌ಗೆ ಇಂದು ಡಿಎಂಟಿ-1 ಎನ್ನುತ್ತಾರೆ.

ಮರುವರ್ಷದ ಫಲಿತಾಂಶ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ 1960ರ ದಶಕದಲ್ಲಿ ಎಕ್ಸ್-ಕಿರಣಗಳಿಗೆ ಒಡ್ಡಿದ ಇಲಿಗಳ ಸಂತತಿಯಲ್ಲಿ ಇಂಥದ್ದೇ ರಕ್ತಹೀನತೆ ಕಾಣಿಸಿಕೊಂಡಿತ್ತು, ಆ ತಳಿಗೆ ಬೆಲ್‌ಗ್ರೇಡ್ ಇಲಿ ಎಂದೇ ಹೆಸರು. 1998ರಲ್ಲಿ ಆಂಡ್ರೂಸ್ ತಂಡ ಅದರ ಜೀನ್ ಅನ್ನು ಓದಿದಾಗ, ಬೇರೆ ಖಂಡದ, ಬೇರೆ ಪ್ರಾಣಿಜಾತಿಯ ಆ ತಳಿಯಲ್ಲೂ ಅದೇ ಜೀನ್‌ನ ಅದೇ 185ನೇ ಸ್ಥಾನದಲ್ಲಿ ಅದೇ ಬದಲಾವಣೆ ಇತ್ತು. ಆಹಾರದ ಕಬ್ಬಿಣ ಕರುಳಿನ ಜೀವಕೋಶದೊಳಗೆ ಬರುವುದೂ, ಟ್ರಾನ್ಸ್‌ಫೆರಿನ್ ಹೊತ್ತು ತಂದ ಕಬ್ಬಿಣ ಎಳೆಯ ರಕ್ತಕಣದೊಳಗಿನ ಪುಟ್ಟ ಕೋಶಿಕೆಯಿಂದ ಹೊರಬಂದು ಬಳಕೆಗೆ ಸಿಗುವುದೂ ಈ ಒಂದೇ ವಾಹಕದಿಂದ ಎಂಬುದು ಇದರಿಂದ ಸ್ಥಿರವಾಯಿತು. ಅವರ ತಂಡ 1999ರಲ್ಲಿ ಟ್ರಾನ್ಸ್‌ಫೆರಿನ್ ಗ್ರಾಹಕದ ಜೀನ್ ಇಲ್ಲದ ಚಿಟ್ಟಿಲಿಗಳನ್ನು ರೂಪಿಸಿ, ಅಂಥ ಭ್ರೂಣಗಳು ತೀವ್ರ ರಕ್ತಹೀನತೆಯಿಂದ ಹುಟ್ಟುವ ಮೊದಲೇ ಸಾಯುತ್ತವೆ ಎಂದೂ ತೋರಿಸಿತು.

ಇಷ್ಟಾದರೂ ಕಬ್ಬಿಣದ ಒಳಹರಿವನ್ನು ಏರಿಳಿಸುವವರು ಯಾರು ಎಂಬುದು ಉಳಿದೇ ಇತ್ತು. ಇದಕ್ಕೆ ಉತ್ತರ ಬಂದದ್ದು ಬೇರೆ ಪ್ರಯೋಗಾಲಯಗಳಿಂದ, ಅದರ ಶ್ರೇಯಸ್ಸನ್ನು ಅವರಿಗೇ ಸಲ್ಲಿಸಬೇಕು. ಲಾಸ್ ಏಂಜಲೀಸ್‌ನ ಟೋಮಸ್ ಗಾಂಜ್ ಅವರ ತಂಡ ಮನುಷ್ಯರ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪೆಪ್ಟೈಡ್‌ಗಳನ್ನು (ಪುಟ್ಟ ಪ್ರೋಟೀನ್ ತುಣುಕುಗಳನ್ನು) ಹುಡುಕುತ್ತಿದ್ದಾಗ, ಯಕೃತ್ತಿನಲ್ಲಿ ತಯಾರಾಗುವ, ಕೇವಲ 25 ಅಮೈನೋ ಆಮ್ಲಗಳ ಹೆಪ್ಸಿಡಿನ್ ಸಿಕ್ಕಿತು. ಪ್ಯಾರಿಸ್‌ನಲ್ಲಿ ಗ್ಲೂಕೋಸ್‌ಗೆ ಸಂಬಂಧಿಸಿದ ಜೀನ್‌ಗಳ ಅಧ್ಯಯನ ನಡೆಸುತ್ತಿದ್ದ ಸೋಫಿ ವೋಲೋ ಅವರ ತಂಡಕ್ಕೆ, ಹೆಪ್ಸಿಡಿನ್ ತಯಾರಿಸಲಾರದ ತಮ್ಮ ಚಿಟ್ಟಿಲಿಗಳ ಅಂಗಾಂಗಗಳಲ್ಲಿ ಕಬ್ಬಿಣ ರಾಶಿ ಬಿದ್ದಿರುವುದು 2001ರಲ್ಲಿ ಕಂಡುಬಂತು. 2004ರಲ್ಲಿ ಎಲಿಜಬೆಟಾ ನೆಮೆತ್, ಗಾಂಜ್ ಮತ್ತು ಸಹೋದ್ಯೋಗಿಗಳು ಕಾರ್ಯವಿಧಾನವನ್ನು ಬಿಡಿಸಿಟ್ಟರು. ಜೀವಕೋಶಗಳಿಂದ ಕಬ್ಬಿಣ ರಕ್ತಕ್ಕೆ ಹೊರಬರುವುದು ಫೆರೊಪೋರ್ಟಿನ್ ಎಂಬ ಏಕೈಕ ಮಾರ್ಗದಿಂದ. ಹೆಪ್ಸಿಡಿನ್ ಬಂದು ಅದಕ್ಕೆ ಅಂಟಿಕೊಂಡರೆ ಜೀವಕೋಶವು ಫೆರೊಪೋರ್ಟಿನ್ ಅನ್ನು ಒಳಗೆಳೆದುಕೊಂಡು ನಾಶಮಾಡುತ್ತದೆ. ನಮ್ಮ ಊರುಗಳ ಕೆರೆಗಳಲ್ಲಿ ನೀರು ಎಷ್ಟೇ ಇದ್ದರೂ ನೀರಗಂಟಿ ತೂಬು ಎತ್ತದೆ ಗದ್ದೆಗೆ ಹನಿಯೂ ಇಳಿಯುತ್ತಿರಲಿಲ್ಲವಲ್ಲ, ಹೆಪ್ಸಿಡಿನ್‌ನ ಅಧಿಕಾರ ಆ ಬಗೆಯದು. ಹೆಪ್ಸಿಡಿನ್ ಹೆಚ್ಚಿದ್ದಾಗ ಕರುಳು ಹೀರಿದ ಕಬ್ಬಿಣವೂ, ಮ್ಯಾಕ್ರೋಫೇಜ್‌ಗಳು ಹಳೆಯ ಕಣಗಳಿಂದ ಬಿಡಿಸಿದ ಕಬ್ಬಿಣವೂ ಅಲ್ಲಲ್ಲೇ ಉಳಿಯುತ್ತವೆ; ದೇಹದಲ್ಲಿ ದಾಸ್ತಾನು ಇದ್ದೂ ಅಸ್ಥಿಮಜ್ಜೆ ಬರಗಾಲ ಅನುಭವಿಸುತ್ತದೆ.

ಮನುಷ್ಯರಲ್ಲಿ ಇದು ನಿಜವೇ ಎಂಬುದಕ್ಕೆ ಮೊದಲ ಬಲವಾದ ಸಾಕ್ಷ್ಯಗಳಲ್ಲಿ ಒಂದನ್ನು ಒದಗಿಸಿದ್ದು ಆಂಡ್ರೂಸ್ ಅವರಿದ್ದ ಬಾಸ್ಟನ್‌ನ ತಂಡ. ಒಂದನೇ ಎ ವಿಧದ ಗ್ಲೈಕೋಜನ್ ಶೇಖರಣಾ ಕಾಯಿಲೆ ಎಂಬ ಅಪರೂಪದ ವಂಶಪಾರಂಪರ್ಯ ರೋಗ ಒಂದಿದೆ. ಅದರಲ್ಲಿ ಯಕೃತ್ತು ತಾನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಗ್ಲೂಕೋಸ್ ಆಗಿ ರಕ್ತಕ್ಕೆ ಬಿಡಲಾರದು, ಹಾಗಾಗಿ ರೋಗಿಗಳು ಹಸಿ ಮೆಕ್ಕೆಜೋಳದ ಹಿಟ್ಟನ್ನು ಹೊತ್ತುಹೊತ್ತಿಗೆ ಕುಡಿದು ಬದುಕಬೇಕಾಗುತ್ತದೆ. ಇವರಲ್ಲಿ ಕೆಲವರಿಗೆ ಬೆಳೆಯುತ್ತಾ ಯಕೃತ್ತಿನಲ್ಲಿ ಅಡಿನೋಮಾ ಎಂಬ, ಕ್ಯಾನ್ಸರ್ ಅಲ್ಲದ ಗೆಡ್ಡೆಗಳು ಆಗುತ್ತವೆ. ಗೆಡ್ಡೆ ದೊಡ್ಡದಿದ್ದವರಲ್ಲಿ ಕಬ್ಬಿಣದ ಚಿಕಿತ್ಸೆಗೆ ಬಗ್ಗದ ತೀವ್ರ ರಕ್ತಹೀನತೆ ಇತ್ತು, ಗೆಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಮೇಲೆ ರಕ್ತಹೀನತೆ ತಾನಾಗಿ ಸರಿಹೋಗುತ್ತಿತ್ತು. ಡೇವಿಡ್ ವೈನ್‌ಸ್ಟೀನ್, ಫ್ಲೆಮಿಂಗ್, ಆಂಡ್ರೂಸ್ ಮತ್ತು ಸಹೋದ್ಯೋಗಿಗಳು ಆ ಗೆಡ್ಡೆಗಳ ಅಂಗಾಂಶವನ್ನು ಪರೀಕ್ಷಿಸಿ, ಅವು ಎಗ್ಗಿಲ್ಲದೆ ಹೆಪ್ಸಿಡಿನ್ ತಯಾರಿಸುತ್ತಿದ್ದವು ಎಂದು 2002ರಲ್ಲಿ ಪ್ರಕಟಿಸಿದರು. ದೀರ್ಘಕಾಲದ ಸೋಂಕು, ಸಂಧಿವಾತ, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಕಾಣುವ ರಕ್ತಹೀನತೆಯೂ ಇದೇ ಬಗೆಯದಿರಬೇಕು ಎಂದು ಅವರು ಆಗಲೇ ಸೂಚಿಸಿದರು. ಉರಿಯೂತವಾದಾಗ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಯಕೃತ್ತನ್ನು ತಟ್ಟಿ ಹೆಪ್ಸಿಡಿನ್ ಹೆಚ್ಚಿಸುತ್ತದೆ ಎಂದು ನೆಮೆತ್ ಮತ್ತು ಇತರರು 2004ರಲ್ಲಿ ತೋರಿಸಿದ್ದು ಆ ಮಾತಿಗೆ ಬೆಂಬಲ ಕೊಟ್ಟಿತು. ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕಾದ್ದರಿಂದ, ಸೋಂಕು ಬಂದಾಗ ಅದನ್ನು ಅವಕ್ಕೆ ಸಿಗದಂತೆ ಬಚ್ಚಿಡುವುದು ದೇಹದ ಹಳೆಯ ರಕ್ಷಣಾ ಕ್ರಮ. ಉರಿಯೂತ ತಿಂಗಳುಗಟ್ಟಲೆ ಮುಂದುವರಿದಾಗ ಮಾತ್ರ ಅದೇ ಕ್ರಮ ತೊಂದರೆಯಾಗುತ್ತದೆ.

ನಿಮ್ಮ ಪ್ರಶ್ನೆಗೆ ಅತ್ಯಂತ ಸಮೀಪದ ಸಂಶೋಧನೆ 2008ರದು. ಕೆಲವು ಕುಟುಂಬಗಳಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಕಬ್ಬಿಣದ ಕೊರತೆ ಇರುತ್ತಿತ್ತು. ಊಟ ಸರಿಯಿತ್ತು, ರಕ್ತಸ್ರಾವ ಇರಲಿಲ್ಲ; ಬಾಯಿಯ ಮೂಲಕ ಕೊಟ್ಟ ಕಬ್ಬಿಣದಿಂದ ಏನೂ ಆಗುತ್ತಿರಲಿಲ್ಲ, ರಕ್ತನಾಳದ ಮೂಲಕ ಕೊಟ್ಟರೆ ಅರ್ಧಂಬರ್ಧ ಗುಣ ಕಾಣುತ್ತಿತ್ತು. ಮಾತ್ರೆ ಕೊಟ್ಟರೂ ಏರುತ್ತಿಲ್ಲ ಎಂದರೆ ಮನೆಯವರು ಸರಿಯಾಗಿ ನುಂಗಿಸುತ್ತಿಲ್ಲ ಎಂದು ಅನುಮಾನಿಸುವುದು ಎಲ್ಲ ಕಡೆಯೂ ಇರುವ ರೂಢಿ. ಆ ಅನುಮಾನಕ್ಕೆ ನಿಲ್ಲದೆ, ಇಂಥ ಮಕ್ಕಳಿರುವ ಕುಟುಂಬಗಳನ್ನು ಒಟ್ಟುಗೂಡಿಸಿ ಕಾರಣ ಹುಡುಕಿದ್ದನ್ನು ನಾನು ಈ ತಂಡದ ಬಹುದೊಡ್ಡ ಗುಣವೆಂದು ಎಣಿಸುತ್ತೇನೆ. ಕರಿನ್ ಫಿನ್‌ಬರ್ಗ್, ಮ್ಯಾಥ್ಯೂ ಹೀನಿ, ಫ್ಲೆಮಿಂಗ್, ಆಂಡ್ರೂಸ್ ಮತ್ತು ಇತರರು ಈ ಮಕ್ಕಳಲ್ಲಿ ಟಿಎಂಪಿಆರ್‌ಎಸ್‌ಎಸ್-6 ಎಂಬ ಜೀನ್ ಕೆಟ್ಟಿದೆ ಎಂದು ಕಂಡುಹಿಡಿದರು. ಯಕೃತ್ತಿನಲ್ಲಿರುವ ಈ ಜೀನ್‌ನ ಕಿಣ್ವ ಹೆಪ್ಸಿಡಿನ್ ಉತ್ಪಾದನೆಗೆ ಕಡಿವಾಣ ಹಾಕುತ್ತದೆ. ಅದು ಕೆಲಸ ಮಾಡದಿದ್ದರೆ ದೇಹದಲ್ಲಿ ಕಬ್ಬಿಣವೇ ಇಲ್ಲದಿದ್ದರೂ ಹೆಪ್ಸಿಡಿನ್ ಇಳಿಯುವುದಿಲ್ಲ, ಕರುಳು ಹೀರಿಕೊಳ್ಳುವುದಿಲ್ಲ. ಈ ಕಾಯಿಲೆಯನ್ನು ವೈದ್ಯರು ಇರಿಡಾ (ಕಬ್ಬಿಣದ ಚಿಕಿತ್ಸೆಗೆ ಬಗ್ಗದ, ಕಬ್ಬಿಣದ ಕೊರತೆಯ ರಕ್ತಹೀನತೆ) ಎಂದು ಕರೆಯುತ್ತಾರೆ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ, ಮೈಮೇಲಿನ ಕೂದಲು ಉದುರಿ ಮುಖದ ಕೂದಲು ಮಾತ್ರ ಉಳಿದಿದ್ದ ಚಿಟ್ಟಿಲಿಗಳಲ್ಲಿ ಇದೇ ಜೀನ್‌ನ ದೋಷವನ್ನು ಕಂಡಿತು, ಕಬ್ಬಿಣ ಹೆಚ್ಚಿಸಿದ ಆಹಾರ ಕೊಟ್ಟಾಗ ಅವುಗಳ ಕೂದಲು ಮತ್ತೆ ಬೆಳೆಯಿತು. ಆ ಲೇಖನದ ಸಹಲೇಖಕರಲ್ಲಿ ಬ್ರೂಸ್ ಅವರ ತಂದೆ, ರಕ್ತವಿಜ್ಞಾನದ ಹಿರಿಯ ಅರ್ನೆಸ್ಟ್ ಬಾಯ್ಟ್ಲರ್ ಅವರೂ ಇದ್ದರು. ಅರ್ನೆಸ್ಟ್ ಅದೇ ವರ್ಷ ತೀರಿಕೊಂಡರು.

ಇರಿಡಾ ಬಹಳ ಅಪರೂಪ, ನಿಮ್ಮ ತಂಗಿಗೆ ಅದೇ ಇರಬಹುದೆಂದು ದಯವಿಟ್ಟು ಭಾವಿಸಬೇಡಿ. ಆದರೆ ಮರುವರ್ಷವೇ, ಐರೋಪ್ಯ ಮತ್ತು ಭಾರತೀಯ ಮೂಲದ ಸಾವಿರಾರು ಜನರ ಜೀನೋಮ್ ಅಧ್ಯಯನವೊಂದರಲ್ಲಿ, ಇದೇ ಜೀನ್‌ನ ಸಾಮಾನ್ಯ ರೂಪಭೇದಗಳು ಆರೋಗ್ಯವಂತರ ಹಿಮೋಗ್ಲೋಬಿನ್ ಮಟ್ಟದ ಮೇಲೂ ಪರಿಣಾಮ ಬೀರುತ್ತವೆ ಎಂದು ತಿಳಿಯಿತು. ಕೆಲವೇ ಕುಟುಂಬಗಳ ಕಾಯಿಲೆಯಿಂದ ಸಿಕ್ಕ ಜೀನ್ ಹೀಗೆ ನಮ್ಮ ನಿಮ್ಮೆಲ್ಲರ ರಕ್ತದ ವಿಷಯವಾಯಿತು. ಚಿಟ್ಟಿಲಿಗಳಿಂದ ಏನು ಪ್ರಯೋಜನ ಎಂಬ ನಿಮ್ಮ ಮಾತಿಗೆ ನಾನು ಕೊಡುವ ನೇರ ಉತ್ತರ ಇದೇ.

ಇನ್ನು ನಮ್ಮ ನಾಡಿನ ಸಂಗತಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇವರಲ್ಲಿ ಬಹಳಷ್ಟು ಮಂದಿಗೆ ಕಬ್ಬಿಣದ ನಿಜವಾದ ಕೊರತೆಯೇ ಇರುತ್ತದೆ, ಅವರಿಗೆ ಮಾತ್ರೆ ಕೆಲಸ ಮಾಡುತ್ತದೆ. ಮಾತ್ರೆಯ ಮೇಲೆ ಅಪನಂಬಿಕೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಹೆಪ್ಸಿಡಿನ್ ಗೊತ್ತಾದ ಮೇಲೆ ಮಾತ್ರೆ ಕೊಡುವ ಕ್ರಮದ ಬಗ್ಗೆಯೂ ಹೊಸ ತಿಳಿವಳಿಕೆ ಬಂದಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಡಿಯೆಗೊ ಮೊರೆಟ್ಟಿ, ನಿಕೋಲ್ ಸ್ಟಾಫೆಲ್, ಮೈಕೆಲ್ ಝಿಮ್ಮರ್‌ಮನ್ ಮತ್ತು ಸಂಗಡಿಗರು, ಕಬ್ಬಿಣದ ಒಂದು ಪ್ರಮಾಣ ನುಂಗಿದಾಗ ಹೆಪ್ಸಿಡಿನ್ ಏರಿ ಸುಮಾರು ಒಂದು ದಿನ ಹಾಗೆಯೇ ಉಳಿಯುವುದರಿಂದ ಮರುದಿನದ ಮಾತ್ರೆ ಕಡಿಮೆ ಹೀರಲ್ಪಡುತ್ತದೆ ಎಂದು ತೋರಿಸಿದರು. 2017ರ ಅವರ ಅಧ್ಯಯನದಲ್ಲಿ 60 ಮಿಲಿಗ್ರಾಂ ಕಬ್ಬಿಣವನ್ನು ದಿನವೂ ನುಂಗಿದ ಯುವತಿಯರು ಶೇ. 16.3ರಷ್ಟನ್ನೂ, ದಿನ ಬಿಟ್ಟು ದಿನ ನುಂಗಿದವರು ಶೇ. 21.8ರಷ್ಟನ್ನೂ ಹೀರಿಕೊಂಡರು. ಇದನ್ನು ಓದಿ ನೀವಾಗಿಯೇ ಮಾತ್ರೆಯ ಕ್ರಮ ಬದಲಿಸಬಾರದು, ಅದರಲ್ಲೂ ಗರ್ಭಿಣಿಯರು ವೈದ್ಯರು ಹೇಳಿದಂತೆಯೇ ನಡೆಯಬೇಕು. ವೈದ್ಯರ ಜೊತೆ ಮಾತಾಡಲು ಇದು ಒಳ್ಳೆಯ ವಿಷಯ. ಕರುಳಿನ ತಡೆಯನ್ನು ದಾಟಿ ರಕ್ತನಾಳದ ಮೂಲಕ ಒಂದೇ ಸಲಕ್ಕೆ ಕಬ್ಬಿಣ ಕೊಡುವುದು ಗರ್ಭಿಣಿಯರಿಗೆ ಮಾತ್ರೆಗಿಂತ ಒಳಿತೇ ಎಂದು ತಿಳಿಯಲು ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ರ್ಯಾಪಿಡ್‌ಐರನ್ ಎಂಬ ದೊಡ್ಡ ಪ್ರಯೋಗವೇ ನಡೆದಿದೆ, ಬೆಳಗಾವಿಯ ಸಂಶೋಧಕರು ಅದರಲ್ಲಿ ಮುಂಚೂಣಿಯಲ್ಲಿದ್ದಾರೆ.

ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶಪಾರಂಪರ್ಯ ಕಾಯಿಲೆಯಾದ ಥಲಸ್ಸೀಮಿಯಾದಲ್ಲಿ ಇರಿಡಾಕ್ಕೆ ತದ್ವಿರುದ್ಧ ಪರಿಸ್ಥಿತಿ. ಅಲ್ಲಿ ಅಸ್ಥಿಮಜ್ಜೆ ವ್ಯರ್ಥವಾಗಿ ದುಡಿಯುತ್ತ ಹೆಪ್ಸಿಡಿನ್ ಅನ್ನು ತಗ್ಗಿಸುತ್ತದೆ, ರಕ್ತಹೀನತೆ ಇದ್ದರೂ ಕಬ್ಬಿಣ ಹೆಚ್ಚಾಗಿ ಒಳಗೆ ಬರುತ್ತದೆ. ಅದರ ಮೇಲೆ ರಕ್ತ ಕೊಡಿಸಿದಾಗಲೆಲ್ಲ ಪ್ರತಿ ಚೀಲದೊಂದಿಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಸೇರುತ್ತ ಹೋಗಿ ಹೃದಯ, ಯಕೃತ್ತುಗಳಲ್ಲಿ ಶೇಖರವಾಗುತ್ತದೆ. ಇರಿಡಾ ಮಕ್ಕಳಲ್ಲಿ ಕೆಟ್ಟಿದ್ದ ಅದೇ ಜೀನ್ ಅನ್ನು ಬೇಕೆಂದೇ ಅದುಮಿ ಥಲಸ್ಸೀಮಿಯಾ ರೋಗಿಗಳಲ್ಲಿ ಹೆಪ್ಸಿಡಿನ್ ಏರಿಸಬಹುದೇ ಎಂದು ಔಷಧ ಪ್ರಯೋಗಗಳು ನಡೆದಿವೆ. ಹೆಪ್ಸಿಡಿನ್‌ನ ಕೆಲಸವನ್ನೇ ಅನುಕರಿಸುವ ರಸ್ಫರ್ಟೈಡ್ ಎಂಬ ಔಷಧವನ್ನು, ಕೆಂಪು ಕಣಗಳು ವಿಪರೀತ ಹೆಚ್ಚುವ ಪಾಲಿಸೈಥೀಮಿಯಾ ವೆರಾ ಕಾಯಿಲೆಯಲ್ಲಿ ಪರೀಕ್ಷಿಸಲಾಗಿದೆ.

ಆಂಡ್ರೂಸ್ 2007ರಿಂದ 2017ರವರೆಗೆ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಡೀನ್ ಆಗಿದ್ದರು, ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ. ಆಡಳಿತದ ಹೊರೆಯ ನಡುವೆಯೂ ಪ್ರಯೋಗಾಲಯವನ್ನು ಬಿಡಲಿಲ್ಲ ಎಂಬುದಕ್ಕೆ 2015ರಲ್ಲಿ ಅವರ ತಂಡ ಪ್ರಕಟಿಸಿದ ಕೆಲಸವೇ ಸಾಕ್ಷಿ: ಹೃದಯದ ಸ್ನಾಯುವಿನಲ್ಲಿ ಮಾತ್ರ ಟ್ರಾನ್ಸ್‌ಫೆರಿನ್ ಗ್ರಾಹಕ ಇಲ್ಲದಂತೆ ಮಾಡಿದ ಚಿಟ್ಟಿಲಿಗಳು ಹುಟ್ಟಿದ ಎರಡನೇ ವಾರದಲ್ಲೇ ಹೃದಯ ಸೋತು ಸತ್ತವು. ಹಿಮೋಗ್ಲೋಬಿನ್‌ಗಾಗಿ ಮಾತ್ರವಲ್ಲ, ಜೀವಕೋಶದ ಶಕ್ತಿ ಉತ್ಪಾದನೆಗೂ ಕಬ್ಬಿಣ ನೇರವಾಗಿ ಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ಕೊರತೆಯಿಂದ ಆಯಾಸ ಬರಬಹುದು ಎಂಬ ಮಾತನ್ನು ಉಡಾಫೆಯಿಂದ ತಳ್ಳಿಹಾಕಬಾರದೆಂದು ನಾನು ನಂಬುವುದಕ್ಕೆ ಇಂಥ ಕೆಲಸಗಳೇ ಆಧಾರ.

ನಿಮ್ಮ ತಂಗಿಯ ವಿಷಯದಲ್ಲಿ ಹಿಮೋಗ್ಲೋಬಿನ್ ಒಂದನ್ನೇ ಮತ್ತೆ ಮತ್ತೆ ಅಳೆಯುವುದರಿಂದ ಕಾರಣ ತಿಳಿಯದು. ಮಾತ್ರೆಯನ್ನು ಚಹಾ ಕಾಫಿಯ ಜೊತೆ ನುಂಗುತ್ತಿದ್ದಾರೆಯೇ, ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ, ಹೊಟ್ಟೆಯ ತೊಂದರೆ ಇದೆಯೇ ಎಂಬುದನ್ನು ಮೊದಲು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಲಿ. ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಪರ್ಯಾಪ್ತತೆಯ (ಟ್ರಾನ್ಸ್‌ಫೆರಿನ್‌ನ ಎಷ್ಟು ಪಾಲು ಕಬ್ಬಿಣ ಹೊತ್ತಿದೆ ಎಂಬುದರ) ಪರೀಕ್ಷೆಗಳನ್ನು, ಅವುಗಳ ಜೊತೆಗೇ ಉರಿಯೂತವನ್ನು ತೋರಿಸುವ ಸಿಆರ್‌ಪಿಯನ್ನು ಮಾಡಿಸುವುದು ಒಳ್ಳೆಯದು. ಏಕೆಂದರೆ ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರಿ ಕೊರತೆಯನ್ನು ಮರೆಮಾಡುತ್ತದೆ. ಕಣಗಳು ಚಿಕ್ಕದಾಗಿದ್ದೂ ಅವುಗಳ ಸಂಖ್ಯೆ ಕಡಿಮೆಯಾಗಿಲ್ಲದಿದ್ದರೆ, ಫೆರಿಟಿನ್ ಸರಿಯಾಗಿದ್ದರೆ, ಬೀಟಾ ಥಲಸ್ಸೀಮಿಯಾ ವಾಹಕತೆ ಇದೆಯೇ ಎಂದು ತಿಳಿಯಲು ಹಿಮೋಗ್ಲೋಬಿನ್ ಎ-2 ಪರೀಕ್ಷೆಯನ್ನು ವೈದ್ಯರು ಸೂಚಿಸಬಹುದು. ವಾಹಕರಿಗೆ ಕೊರತೆ ಇಲ್ಲದೆ ಕಬ್ಬಿಣ ಕೊಡುತ್ತ ಹೋದರೆ ಯಾವ ಲಾಭವೂ ಇಲ್ಲ, ಮದುವೆ ಅಥವಾ ಗರ್ಭಧಾರಣೆಗೆ ಮೊದಲು ಸಂಗಾತಿಯ ಪರೀಕ್ಷೆಯೂ ಆಗಬೇಕಾಗುತ್ತದೆ. ಮಾತ್ರೆ ಆರಂಭಿಸುವ ಮೊದಲಿನ ರಕ್ತಪರೀಕ್ಷೆಯ ವರದಿಗಳು ಮನೆಯಲ್ಲಿ ಇದ್ದರೆ ಅವನ್ನೂ ಜೊತೆಗೆ ಕೊಂಡೊಯ್ಯಲಿ, ಮಾತ್ರೆಗೆ ದೇಹ ಸ್ವಲ್ಪವಾದರೂ ಸ್ಪಂದಿಸಿದೆಯೇ ಎಂಬುದು ಅವುಗಳನ್ನು ಹೋಲಿಸಿದಾಗ ಗೊತ್ತಾಗುತ್ತದೆ.